ಗೋಡೆ ಒಡೆಸುವ ಮೊದಲು: ಮನೆಯ ನೀರಿನ ಪೈಪುಗಳು ಬಡಿದುಕೊಳ್ಳುವುದೇಕೆ, ಸರಿಪಡಿಸುವುದು ಹೇಗೆ

ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸಿ ಮೋಟರ್ ಆಫ್ ಮಾಡಿದ ಮರುಕ್ಷಣವೇ ನಮ್ಮ ಅಡುಗೆಮನೆಯ ಗೋಡೆಯೊಳಗೆ ಯಾರೋ ಸುತ್ತಿಗೆಯಿಂದ ಹೊಡೆದಂತೆ ‘ಧಡ್’ ಎಂದು ಒಂದು ಸದ್ದು ಬರುತ್ತಿತ್ತು. ಅದರ ಹಿಂದೆಯೇ ಎರಡು ಮೂರು ಸಣ್ಣ ಬಡಿತಗಳು ಕೇಳಿ ಅಡಗುತ್ತಿದ್ದವು. ನೋಡಲು ಬಂದ ಪ್ಲಂಬರ್, ಗೋಡೆಯೊಳಗಿನ ಪೈಪು ಸಡಿಲವಾಗಿದೆ, ಟೈಲ್ಸ್ ಒಡೆದು ನೋಡದೆ ಬೇರೆ ದಾರಿಯಿಲ್ಲ ಎಂದರು. ಒಡೆಸಲು ಮನಸ್ಸಾಗದೆ ನಾಲ್ಕು ದಿನ ತಡೆದೆವು. ಆ ನಾಲ್ಕು ದಿನಗಳಲ್ಲಿ ಗೊತ್ತಾದದ್ದು ಇಷ್ಟು: ನಲ್ಲಿಗಳನ್ನು ಎಷ್ಟು ರಭಸದಿಂದ ಮುಚ್ಚಿದರೂ ಸದ್ದಿಲ್ಲ, ಮೋಟರ್ ನಿಂತಾಗ ಮಾತ್ರ, ಪ್ರತಿ ಸಲವೂ ತಪ್ಪದೆ ಸದ್ದು. ಸಂಪಿನ ಪಕ್ಕದಲ್ಲಿದ್ದ ಎನ್‌ಆರ್‌ವಿಯನ್ನು, ಅಂದರೆ ಏರಿದ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವನ್ನು, ಬದಲಾಯಿಸಿದ ದಿನವೇ ಸದ್ದು ನಿಂತಿತು. ಗೋಡೆಯನ್ನು ಮುಟ್ಟಬೇಕಾಗಲಿಲ್ಲ.

ಪೈಪು ಸದ್ದು ಮಾಡಿದಾಗ ಬಹುತೇಕ ಎಲ್ಲರೂ ಮೊದಲು ಕೇಳುವ ಪ್ರಶ್ನೆ ‘ಸದ್ದು ಎಲ್ಲಿಂದ ಬರುತ್ತಿದೆ’ ಎಂಬುದು. ಆದರೆ ಪೈಪಿನ ಉದ್ದಕ್ಕೂ ಸದ್ದು ಬಹಳ ದೂರ ಸಾಗುತ್ತದೆ. ಪೈಪು ಗೋಡೆಗೋ ಸ್ಲ್ಯಾಬಿಗೋ ತಾಗುವ ಜಾಗದಲ್ಲಿ ಅದು ಜೋರಾಗಿ ಕೇಳಿಸುತ್ತದೆಯೇ ಹೊರತು, ಹುಟ್ಟಿದ ಜಾಗದಲ್ಲೇ ಕೇಳಿಸಬೇಕೆಂದೇನೂ ಇಲ್ಲ. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ‘ಯಾವಾಗ ಬರುತ್ತಿದೆ’ ಎಂಬುದು. ಈ ಲೇಖನವನ್ನು ಆ ಪ್ರಶ್ನೆಯ ಸುತ್ತಲೇ ಬರೆದಿದ್ದೇನೆ.

ಪೈಪಿನೊಳಗೆ ನಡೆಯುವುದೇನು

ನೀರಿಗೆ ತೂಕವಿದೆ, ಹರಿಯುವ ನೀರಿಗೆ ಓಟವೂ ಇದೆ. ಅರ್ಧ ಇಂಚಿನ ಪೈಪಿನ ಒಳವ್ಯಾಸ ಸುಮಾರು 15 ಮಿಲಿಮೀಟರ್ ಎಂದಿಟ್ಟುಕೊಂಡರೆ, ಅಂಥ 20 ಮೀಟರ್ ಪೈಪಿನಲ್ಲಿ ಸುಮಾರು ಮೂರೂವರೆ ಲೀಟರ್ ನೀರು ಇರುತ್ತದೆ. ನಲ್ಲಿಯಿಂದ ನಿಮಿಷಕ್ಕೆ 12 ಲೀಟರ್ ಬರುತ್ತಿದ್ದರೆ ಆ ಮೂರೂವರೆ ಕಿಲೋ ನೀರು ಸೆಕೆಂಡಿಗೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿ ಓಡುತ್ತಿದೆ ಎಂದರ್ಥ. ನಲ್ಲಿಯನ್ನು ಥಟ್ಟನೆ ಮುಚ್ಚಿದಾಗ ಮುಂದಿನ ನೀರು ನಿಲ್ಲುತ್ತದೆ, ಹಿಂದಿನದು ಬಂದು ಅದಕ್ಕೆ ಢಿಕ್ಕಿ ಹೊಡೆಯುತ್ತದೆ. ಗಾಳಿಯಂತೆ ಕುಗ್ಗಿ ಜಾಗ ಕೊಡುವ ಗುಣ ನೀರಿಗಿಲ್ಲದ ಕಾರಣ, ಆ ಢಿಕ್ಕಿಯೆಲ್ಲವೂ ಒತ್ತಡದ ಅಲೆಯಾಗಿ ಪೈಪಿನಲ್ಲಿ ಹಿಂದಕ್ಕೆ ಓಡಿ, ಟ್ಯಾಂಕನ್ನೋ ದೊಡ್ಡ ಪೈಪನ್ನೋ ಮುಟ್ಟಿ, ಮತ್ತೆ ನಲ್ಲಿಗೆ ಮರಳಿ, ಹೀಗೆ ಹಲವು ಸಲ ಹೋಗಿ ಬಂದು ಕ್ಷೀಣಿಸುತ್ತದೆ. ಒಂದು ದೊಡ್ಡ ಬಡಿತದ ಹಿಂದೆ ಸಣ್ಣ ಬಡಿತಗಳು ಕೇಳಿಸುವುದು ಇದರಿಂದಲೇ. ಇದನ್ನು ಜಲಾಘಾತ ಎನ್ನಬಹುದು. ಪ್ಲಂಬರ್‌ಗಳ ಬಾಯಲ್ಲಿ ಇದು ವಾಟರ್ ಹ್ಯಾಮರ್.

ಈ ಹೊಡೆತದ ಲೆಕ್ಕವನ್ನು ರಷ್ಯಾದ ವಿಜ್ಞಾನಿ ನಿಕೊಲಾಯ್ ಝುಕೋವ್‌ಸ್ಕಿ ಮಾಸ್ಕೋ ನಗರದ ನೀರಿನ ಕೊಳವೆಗಳ ಮೇಲೆ ಪ್ರಯೋಗ ನಡೆಸಿ 1898ರಲ್ಲಿ ಪ್ರಕಟಿಸಿದರು. ಅವರ ಸೂತ್ರದಂತೆ, ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ಜಿ.ಐ. ಪೈಪಿನಲ್ಲಿ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿನಲ್ಲಿ, ಒಮ್ಮೆಲೇ ನಿಂತರೆ ಒತ್ತಡ ಸುಮಾರು 12ರಿಂದ 13 ಬಾರ್‌ನಷ್ಟು ಏರುತ್ತದೆ. ಪ್ಲಾಸ್ಟಿಕ್ ಪೈಪಿನ ಗೋಡೆ ತುಸು ಹಿಗ್ಗಿ ಹೊಡೆತವನ್ನು ನುಂಗುವುದರಿಂದ ಅಲ್ಲಿ ಏರಿಕೆ ಹೆಚ್ಚು ಕಡಿಮೆ ಮೂರನೇ ಒಂದು ಭಾಗ. ಹೋಲಿಕೆಗೆ ಹೇಳುವುದಾದರೆ, ಹತ್ತು ಮೀಟರ್ ಎತ್ತರದ ನೀರಿನ ಒತ್ತಡ ಸುಮಾರು ಒಂದು ಬಾರ್; ಒಂದೇ ಅಂತಸ್ತಿನ ಮನೆಯ ಟ್ಯಾಂಕು ನಲ್ಲಿಗೆ ಕೊಡುವ ಒತ್ತಡ ಅರ್ಧ ಬಾರ್ ಕೂಡ ಇರುವುದಿಲ್ಲ. ಕೀಲುಗಳು ಏಕೆ ಸಡಿಲವಾಗುತ್ತವೆ, ಪೈಪು ತಿರುಗುವಲ್ಲಿನ ಎಲ್ಬೋಗಳು ಏಕೆ ಒಸರುತ್ತವೆ ಎಂಬುದು ಇದರಿಂದ ಅರ್ಥವಾಗುತ್ತದೆ. ಸದ್ದು ಕಿವಿಗೆ ಆಗುವ ಕಿರಿಕಿರಿಯಷ್ಟೇ ಅಲ್ಲ ಎಂದು ನಾನು ಒತ್ತಿ ಹೇಳುವುದೂ ಇದಕ್ಕಾಗಿಯೇ.

ಇಲ್ಲಿ ‘ಒಮ್ಮೆಲೇ’ ಎಂಬ ಮಾತಿಗೆ ನಿಖರ ಅರ್ಥವಿದೆ. ಅಲೆ ಪೈಪಿನ ತುದಿಗೆ ಹೋಗಿ ಮರಳುವುದರೊಳಗೆ ನಲ್ಲಿ ಮುಚ್ಚಿದರೆ ಪೂರ್ತಿ ಹೊಡೆತ ಬೀಳುತ್ತದೆ; ಅದಕ್ಕಿಂತ ನಿಧಾನವಾದಷ್ಟೂ ಹೊಡೆತ ಇಳಿಯುತ್ತದೆ. 20 ಮೀಟರ್ ಜಿ.ಐ. ಪೈಪಿನಲ್ಲಿ ಆ ಅವಧಿ ಸೆಕೆಂಡಿನ ನೂರರಲ್ಲಿ ಮೂರು ಭಾಗ, ಪ್ಲಾಸ್ಟಿಕ್ ಪೈಪಿನಲ್ಲಿ ಸುಮಾರು ಹತ್ತರಲ್ಲಿ ಒಂದು ಭಾಗ. ನಾಲ್ಕೈದು ಸುತ್ತು ತಿರುಗಿಸಿ ಮುಚ್ಚುವ ಹಳೆಯ ಹಿತ್ತಾಳೆ ನಲ್ಲಿಯಲ್ಲಿ ಅಷ್ಟು ವೇಗ ಯಾರಿಗೂ ಸಾಧ್ಯವಿಲ್ಲ. ಕಾಲು ಸುತ್ತಿಗೆ ಮುಚ್ಚುವ ಇಂದಿನ ನಲ್ಲಿ, ಬೆರಳು ಬಿಟ್ಟೊಡನೆ ಮುಚ್ಚಿಕೊಳ್ಳುವ ಹೆಲ್ತ್ ಫಾಸೆಟ್, ವಾಷಿಂಗ್ ಮೆಷಿನ್ನಿನ ವಿದ್ಯುತ್ ವಾಲ್ವ್, ಕಮೋಡಿನ ಫ್ಲಶ್ ವಾಲ್ವ್ ಇವೆಲ್ಲವೂ ಅದರ ಹತ್ತಿರಕ್ಕೆ ಬರುತ್ತವೆ. ಅಜ್ಜನ ಕಾಲದ ಮನೆಯಲ್ಲಿ ಇಲ್ಲದ ಸದ್ದು ನಲ್ಲಿ ಬದಲಿಸಿದ ಮೇಲೆ ಹುಟ್ಟಿಕೊಳ್ಳುವುದಕ್ಕೆ ಕಾರಣ ಇದು. ಇದೇ ಹೊಡೆತವನ್ನು ಪಳಗಿಸಿ ಫ್ರಾನ್ಸಿನ ಜೋಸೆಫ್ ಮಾಂಟ್‌ಗೋಲ್ಫಿಯೆ 1796ರಲ್ಲಿ ವಿದ್ಯುತ್ತೂ ಇಂಧನವೂ ಇಲ್ಲದೆ ತಾನಾಗಿಯೇ ನೀರೆತ್ತುವ ಹೈಡ್ರಾಲಿಕ್ ರಾಮ್ ಎಂಬ ಯಂತ್ರ ಮಾಡಿದ್ದರು. ಅಷ್ಟು ಬಲ ಅದರಲ್ಲಿದೆ.

ಮೊದಲ ಹೆಜ್ಜೆ: ಒಂದು ವಾರ ಕೇಳಿಸಿಕೊಳ್ಳಿ

ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿ, ಸದ್ದು ಕೇಳಿದಾಗಲೆಲ್ಲ ಸಮಯವನ್ನೂ ಆಗ ಮನೆಯಲ್ಲಿ ನಡೆಯುತ್ತಿದ್ದ ನೀರಿನ ಕೆಲಸವನ್ನೂ ಬರೆದಿಡಿ. ಮೋಟರ್ ಆಗಷ್ಟೇ ನಿಂತಿತೇ, ನಗರಸಭೆಯ ನೀರು ಬಿಟ್ಟಿದ್ದರೇ, ಗೀಸರ್ ಆನ್ ಇತ್ತೇ, ಮಹಡಿಯಲ್ಲಿ ಯಾರಾದರೂ ನಲ್ಲಿ ಮುಚ್ಚಿದರೇ ಎಂಬುದನ್ನೆಲ್ಲ ಮನೆಯವರೆಲ್ಲರೂ ಬರೆಯಬೇಕು. ಸದ್ದಿನ ಬಗೆಯನ್ನೂ ಗುರುತಿಸಿ: ಒಂದೇ ದೊಡ್ಡ ಬಡಿತವೇ, ಲಯಬದ್ಧವಾಗಿ ನಿಮಿಷಗಟ್ಟಲೆ ಬರುವ ಬಡಿತವೇ, ಗಡಗಡ ಗುಡುಗೇ, ಟಿಕ್ ಟಿಕ್ ಎಂಬ ಸಣ್ಣ ಸದ್ದೇ, ಅಥವಾ ಗುಂಯ್‌ಗುಡುವಿಕೆಯೇ. ಪೈಪು ಹೊರಗೆ ಕಾಣುವ ಕಡೆಗಳಲ್ಲಿ ಸದ್ದು ಬರುವ ಹೊತ್ತಿಗೆ ಕೈಯಿಟ್ಟು ನೋಡಿದರೆ ಅದು ಅದುರುವುದು ತಿಳಿಯುತ್ತದೆ. ಗೋಡೆಯೊಳಗಿನ ಪೈಪಿಗಾದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ನಲ್ಲಿಗೆ ತಾಗಿಸಿ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡರೆ ಸದ್ದು ಸ್ಪಷ್ಟವಾಗುತ್ತದೆ. ಒಂದು ವಾರ ಕಳೆದ ಮೇಲೆ ಹಾಳೆಯನ್ನು ಓದಿದರೆ ಮುಂದಿನ ಭಾಗಗಳಲ್ಲಿ ನಿಮಗೆ ಯಾವುದು ಬೇಕೆಂದು ತಾನಾಗಿ ಗೊತ್ತಾಗುತ್ತದೆ.

ನಲ್ಲಿ ಮುಚ್ಚಿದಾಗ ಬರುವ ಸದ್ದು

ಇದು ಮೇಲೆ ಹೇಳಿದ ಜಲಾಘಾತ. ಟ್ಯಾಂಕಿನ ಎತ್ತರದಿಂದ ಮಾತ್ರ ನೀರು ಬರುವ ಸಣ್ಣ ಮನೆಗಳಲ್ಲಿ ಇದು ಅಷ್ಟಾಗಿ ಕಾಣದು. ನಲ್ಲಿ ತೆರೆದೊಡನೆ ಚಾಲೂ ಆಗಿ ಒತ್ತಡ ಕೊಡುವ ಪ್ರೆಶರ್ ಪಂಪ್ ಇರುವ ಮನೆಗಳಲ್ಲಿ ಮತ್ತು ಎತ್ತರದ ಅಪಾರ್ಟ್‌ಮೆಂಟಿನ ಕೆಳಗಿನ ಅಂತಸ್ತುಗಳಲ್ಲಿ ಹೆಚ್ಚು. ಅಂತಸ್ತಿಗೆ ಮೂರು ಮೀಟರಿನಂತೆ ಹದಿನೈದು ಅಂತಸ್ತಿನ ಕಟ್ಟಡದ ನೆಲಮಹಡಿಯಲ್ಲಿ ಒತ್ತಡ ನಾಲ್ಕೂವರೆ ಬಾರ್ ಆಗುತ್ತದೆ.

ಮೊದಲು ಒತ್ತಡ ಅಳೆಯಿರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪ್ರೆಶರ್ ಗೇಜನ್ನು ವಾಷಿಂಗ್ ಮೆಷಿನ್ ನಲ್ಲಿಗೆ ತಿರುಪಿ, ಬೇರೆ ನಲ್ಲಿಗಳನ್ನೆಲ್ಲ ಮುಚ್ಚಿ ನೋಡಿದರೆ ಸಾಕು. ಮನೆಬಳಕೆಗೆ ಎರಡರಿಂದ ಮೂರು ಬಾರ್ ಧಾರಾಳ. ಅದಕ್ಕಿಂತ ಹೆಚ್ಚಿದ್ದರೆ ಮನೆಗೆ ನೀರು ಪ್ರವೇಶಿಸುವ ಜಾಗದಲ್ಲಿ ಒತ್ತಡ ತಗ್ಗಿಸುವ ವಾಲ್ವ್, ಅಂದರೆ ಪಿ.ಆರ್.ವಿ., ಹಾಕಿಸುವುದೇ ಸರಿಯಾದ ಪರಿಹಾರ. ಅಪಾರ್ಟ್‌ಮೆಂಟಿನಲ್ಲಿ ಅದು ಪೈಪುಗಳು ಹಾದುಹೋಗುವ ಡಕ್ಟಿನೊಳಗೆ ಆಗಲೇ ಇದ್ದು ಕೆಟ್ಟಿರಬಹುದು. ನಿರ್ವಹಣೆಯವರಿಗೆ ಗೇಜಿನ ಅಂಕಿ ತೋರಿಸಿ ಕೇಳಿದರೆ ಮಾತು ಬೇಗ ಮುಗಿಯುತ್ತದೆ.

ಒತ್ತಡ ಸರಿಯಿದ್ದೂ ಸದ್ದು ಬಂದರೆ, ಆ ನಲ್ಲಿಯ ಕೆಳಗಿನ ಆ್ಯಂಗಲ್ ವಾಲ್ವನ್ನು ಅರ್ಧದಷ್ಟು ಮುಚ್ಚಿ ಪರೀಕ್ಷಿಸಿ. ನೀರಿನ ವೇಗ ಕಡಿಮೆಯಾದರೆ ಹೊಡೆತವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಬಹಳ ಮನೆಗಳಲ್ಲಿ ಕೆಲಸ ಇಲ್ಲಿಗೇ ಮುಗಿಯುತ್ತದೆ, ಖರ್ಚೂ ಇಲ್ಲ. ವಾಷಿಂಗ್ ಮೆಷಿನ್ ಮತ್ತು ಫ್ಲಶ್ ವಾಲ್ವ್‌ಗಳಿಗೆ ಇದು ಸಾಲದಿದ್ದರೆ ವಾಟರ್ ಹ್ಯಾಮರ್ ಅರೆಸ್ಟರ್ ಎಂಬ ಸಣ್ಣ ಉಪಕರಣವನ್ನು ಅವುಗಳಿಗೆ ಸಾಧ್ಯವಾದಷ್ಟು ಹತ್ತಿರದಲ್ಲಿ ಕೂರಿಸಬೇಕು. ಅದರೊಳಗೆ ಒಂದು ಪಿಸ್ಟನ್ ಅಥವಾ ರಬ್ಬರ್ ಪೊರೆಯ ಆಚೆ ಗಾಳಿ ಬಂಧಿಯಾಗಿರುತ್ತದೆ. ಢಿಕ್ಕಿಯನ್ನು ಆ ಗಾಳಿ ಕುಗ್ಗಿ ತಾಳಿಕೊಳ್ಳುತ್ತದೆ. ಕೆಲವರು ಒಂದೆರಡು ಅಡಿ ಪೈಪನ್ನು ಮೇಲ್ಮುಖವಾಗಿ ನಿಲ್ಲಿಸಿ ತುದಿಗೆ ಕ್ಯಾಪ್ ಹಾಕಿ ಗಾಳಿಯ ಗೂಡು ಮಾಡುತ್ತಾರೆ. ಅದು ಕೆಲಸ ಮಾಡುವುದು ನಿಜ, ಆದರೆ ಪೊರೆಯಿಲ್ಲದ ಗಾಳಿ ತಿಂಗಳುಗಳಲ್ಲಿ ನೀರಿನಲ್ಲಿ ಕರಗಿ ಗೂಡು ತುಂಬಿಹೋಗುತ್ತದೆ, ಆಮೇಲೆ ಲೈನನ್ನು ಪೂರ್ತಿ ಖಾಲಿ ಮಾಡಿ ಮತ್ತೆ ಗಾಳಿ ತುಂಬಿಸಬೇಕಾಗುತ್ತದೆ. ಆ ಕೆಲಸವನ್ನು ವರ್ಷಕ್ಕೆರಡು ಸಲ ನೆನಪಿಟ್ಟು ಮಾಡುವವರು ಕಡಿಮೆ; ಅರೆಸ್ಟರ್ ಕೊಳ್ಳುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಮೋಟರ್ ನಿಂತಾಗ ಬರುವ ಸದ್ದು

ನಮ್ಮ ಕಡೆಯ ಸಂಪು ಮತ್ತು ಟ್ಯಾಂಕಿನ ಮನೆಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವುದು ಇದನ್ನೇ. ಮೋಟರ್ ನಿಂತ ಮೇಲೆ ಏರುಪೈಪಿನ ನೀರು ಒಂದು ಕ್ಷಣ ಮೇಲಕ್ಕೇ ಚಲಿಸಿ, ನಿಂತು, ಹಿಂದಕ್ಕೆ ಇಳಿಯತೊಡಗುತ್ತದೆ. ಎನ್‌ಆರ್‌ವಿಯ ಮುಚ್ಚಳ ನೀರು ನಿಲ್ಲುವ ಹೊತ್ತಿಗೇ ಕೂತುಬಿಟ್ಟರೆ ಸದ್ದಿಲ್ಲ. ಬಾಗಿಲಿನಂತೆ ತೂಗಾಡುವ ಮುಚ್ಚಳದ ವಾಲ್ವಿನಲ್ಲಿ ಕೀಲು ಸವೆದೋ ಮರಳು ಸಿಕ್ಕಿಕೊಂಡೋ ಅದು ತಡವಾಗಿ ಮುಚ್ಚಿದರೆ, ಅಷ್ಟರಲ್ಲಿ ನೀರು ಇಳಿಯುವ ವೇಗ ಪಡೆದಿರುತ್ತದೆ. ಆ ವೇಗದ ನೀರು ಮುಚ್ಚಳವನ್ನು ಧಡ್ಡನೆ ಬಡಿದು ಕೂರಿಸುತ್ತದೆ. ಮೂರು ಅಂತಸ್ತಿನ ಮನೆಯಾದರೆ ಆ ಬಡಿತಕ್ಕೆ ಪಕ್ಕದ ಮನೆಯವರೂ ಎಚ್ಚರಗೊಳ್ಳಬಹುದು.

ಪರಿಹಾರ ಸ್ಪ್ರಿಂಗ್ ಇರುವ ಎನ್‌ಆರ್‌ವಿ. ನೀರಿನ ಓಟ ಕುಗ್ಗುತ್ತಿದ್ದಂತೆಯೇ ಸ್ಪ್ರಿಂಗ್ ಮುಚ್ಚಳವನ್ನು ತಳ್ಳುವುದರಿಂದ ನೀರಿಗೆ ಹಿಂದಿರುಗಿ ಓಡುವ ಅವಕಾಶವೇ ಸಿಗುವುದಿಲ್ಲ. ಬದಲಾಯಿಸುವಾಗ ಗಮನಿಸಬೇಕಾದವು ಕೆಲವಿವೆ. ಮೋಟರಿನ ಸ್ವಿಚ್ಚಷ್ಟೇ ಅಲ್ಲ, ವಿದ್ಯುತ್ ಬೋರ್ಡಿನಲ್ಲಿರುವ ಎಂ.ಸಿ.ಬಿ. ಎಂಬ ಸುರಕ್ಷಾ ಸ್ವಿಚ್ಚನ್ನೂ ಇಳಿಸಿ; ನೀರಿನ ಮಟ್ಟ ನೋಡಿ ತಾನಾಗಿ ಚಾಲೂ ಆಗುವ ಕಂಟ್ರೋಲರ್ ಇದ್ದ ಮನೆಗಳಲ್ಲಿ ಇದು ಜೀವದ ಪ್ರಶ್ನೆ. ವಾಲ್ವಿನ ಮೈಮೇಲಿನ ಬಾಣದ ಗುರುತು ನೀರು ಹೋಗುವ ದಿಕ್ಕಿಗೇ ಇರಬೇಕು. ಎರಡೂ ಪಕ್ಕ ಯೂನಿಯನ್ ಎಂಬ ತಿರುಪಿನ ಜೋಡಣೆ ಹಾಕಿಸಿಕೊಳ್ಳಿ, ಮುಂದಿನ ಸಲ ಪೈಪು ಕತ್ತರಿಸದೆ ಬಿಚ್ಚಬಹುದು. ಹಳೆಯ ವಾಲ್ವ್ ಬಿಚ್ಚಿದೊಡನೆ ಏರುಪೈಪಿನಲ್ಲಿ ನಿಂತಿದ್ದ ನೀರೆಲ್ಲ ಸುರಿಯುವುದರಿಂದ ಬಕೆಟ್ ಸಿದ್ಧವಿರಲಿ, ಮೋಟರ್ ಒದ್ದೆಯಾಗದಂತೆ ಮುಚ್ಚಿಡಿ.

ಮೋಟರ್ ಆನ್ ಮಾಡಿದಾಗ ಸದ್ದು ಬಂದರೆ ಅದು ಬೇರೆ ಕಥೆ. ಎನ್‌ಆರ್‌ವಿ ಅಥವಾ ಸಂಪಿನೊಳಗೆ ಹೀರುಪೈಪಿನ ತುದಿಯಲ್ಲಿರುವ ಫುಟ್‌ವಾಲ್ವ್ ಸೋರಿ ಪೈಪಿನ ನೀರು ಇಳಿದುಹೋಗಿರುತ್ತದೆ, ಖಾಲಿ ಪೈಪಿನೊಳಗೆ ನೀರು ರಭಸದಿಂದ ನುಗ್ಗಿ ಗಾಳಿಯನ್ನು ತಳ್ಳುತ್ತಾ ತಿರುವುಗಳಿಗೆ ಬಡಿಯುತ್ತದೆ. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಪಂಪಿನ ಪೈಪಿನಲ್ಲೂ ಹೀಗಾಗುತ್ತದೆ. ಇಲ್ಲಿ ಸೋರುವ ವಾಲ್ವನ್ನು ಸರಿಪಡಿಸಬೇಕು. ಎರಡೂ ಸಂದರ್ಭಗಳಲ್ಲಿ, ಹೊರಗೋಡೆಯ ಮೇಲೆ ಏರುವ ಪೈಪಿನ ಕ್ಲಾಂಪುಗಳನ್ನು ಒಮ್ಮೆ ಕೈಯಿಂದ ಅಲ್ಲಾಡಿಸಿ ನೋಡಿ. ಒಂದು ಕ್ಲಾಂಪಿನ ತಿರುಪು ಕಳಚಿದ್ದರೂ ಸದ್ದು ಎರಡು ಪಟ್ಟಾಗಿ ಕೇಳುತ್ತದೆ.

ಸಂಪು ತುಂಬುವ ಹೊತ್ತಿನ ಲಯಬದ್ಧ ಬಡಿತ

ನಗರಸಭೆಯ ನೀರು ಬಿಟ್ಟ ದಿನ, ಸಂಪು ಇನ್ನೇನು ತುಂಬುತ್ತದೆ ಎನ್ನುವ ಹೊತ್ತಿಗೆ, ಧಡ್ ಧಡ್ ಧಡ್ ಎಂದು ಗಡಿಯಾರದಂತೆ ಬರುವ ಸದ್ದಿಗೆ ಕಾರಣ ಸಂಪಿನ ಫ್ಲೋಟ್ ವಾಲ್ವ್, ಅಂದರೆ ಚೆಂಡಿನ ವಾಲ್ವ್. ಬೀಳುವ ನೀರಿನಿಂದ ಸಂಪಿನ ಮೇಲ್ಮೈಯಲ್ಲಿ ಅಲೆ ಏಳುತ್ತದೆ. ಚೆಂಡು ಅಲೆಯೊಂದಿಗೆ ಮೇಲೆ ಕೆಳಗೆ ಆಡುತ್ತದೆ. ಬಹುಪಾಲು ಮುಚ್ಚಿದ ಸ್ಥಿತಿಯಲ್ಲಿರುವ ವಾಲ್ವ್ ಪ್ರತಿ ಸಲವೂ ಪೂರ್ತಿ ಮುಚ್ಚಿ ಮತ್ತೆ ತೆರೆಯುತ್ತದೆ. ಪ್ರತಿ ಮುಚ್ಚುವಿಕೆಯೂ ರಸ್ತೆಯ ಲೈನಿನ ಪೂರ್ಣ ಒತ್ತಡದ ವಿರುದ್ಧ ನಡೆಯುವ ಒಂದು ಜಲಾಘಾತ.

ಪರೀಕ್ಷೆ ಸುಲಭ. ಸದ್ದು ಬರುತ್ತಿರುವಾಗ ಸಂಪಿನ ಮುಚ್ಚಳ ತೆಗೆದು ಒಂದು ಕೋಲಿನಿಂದ ಚೆಂಡಿನ ಕಡ್ಡಿಯನ್ನು ಕೆಳಗೆ ಒತ್ತಿಹಿಡಿಯಿರಿ. ಸದ್ದು ನಿಂತರೆ ಕಳ್ಳ ಸಿಕ್ಕಂತೆ. ಯಾವ ಕಾರಣಕ್ಕೂ ಸಂಪಿನೊಳಗೆ ಇಳಿಯಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಕೆಲಸ ಮುಗಿದೊಡನೆ ಮುಚ್ಚಳ ಹಾಕಿ. ಮೀಟರಿನ ಪಕ್ಕದ ವಾಲ್ವನ್ನು ಸ್ವಲ್ಪ ಮುಚ್ಚಿ ಒಳಬರುವ ನೀರಿನ ರಭಸ ಇಳಿಸಿದರೆ ಅಲೆಯೂ ಇಳಿಯುತ್ತದೆ. ನೀರು ಬೀಳುವ ಬಾಯಿಗೆ ಒಂದು ಪೈಪು ತುಂಡು ಜೋಡಿಸಿ ಧಾರೆ ಚೆಂಡಿನಿಂದ ದೂರ, ಗೋಡೆಯ ಪಕ್ಕ ಬೀಳುವಂತೆ ಮಾಡಬಹುದು. ಆದರೆ ಆ ತುಂಡಿನ ತುದಿ ನೀರಿನಲ್ಲಿ ಮುಳುಗಬಾರದು, ಮುಳುಗಿದರೆ ರಸ್ತೆಯ ಲೈನು ಖಾಲಿಯಾದಾಗ ಸಂಪಿನ ನೀರು ಹಿಂದಕ್ಕೆ ಎಳೆದುಕೊಂಡು ಹೋಗುವ ಅಪಾಯವಿದೆ. ವಾಲ್ವಿನ ಒಳಗಿನ ವಾಷರ್ ಸವೆದಿದ್ದರೆ ಇಡೀ ವಾಲ್ವನ್ನೇ ಬದಲಾಯಿಸಿ.

ನೀರು ಬಿಟ್ಟ ಮೊದಲ ಕೆಲವು ನಿಮಿಷ ಮಾತ್ರ ಗೊರಗೊರ, ಧಡಧಡ ಎಂದು ಆಮೇಲೆ ತಣ್ಣಗಾಗುವ ಸದ್ದು ಇದಲ್ಲ. ಎರಡು ಮೂರು ದಿನಕ್ಕೊಮ್ಮೆ ನೀರು ಬರುವ ಊರುಗಳಲ್ಲಿ ಖಾಲಿ ಲೈನಿನ ಗಾಳಿ ಮೊದಲು ಹೊರಬರುತ್ತದೆ. ಅದಕ್ಕೆ ಮನೆಯವರು ಮಾಡಬೇಕಾದದ್ದು ಏನೂ ಇಲ್ಲ.

ಪ್ರೆಶರ್ ಪಂಪಿನ ಮನೆಗಳು

ಒಂದು ನಲ್ಲಿ ತೆರೆದರೆ ಪಂಪು ಆನ್, ಆಫ್, ಆನ್, ಆಫ್ ಎಂದು ಕೆಲವೇ ಸೆಕೆಂಡುಗಳಿಗೊಮ್ಮೆ ಬದಲಾಗುತ್ತಾ ಪ್ರತಿ ಸಲ ಪೈಪು ಬಡಿಯುತ್ತಿದ್ದರೆ, ಪಂಪಿನ ಜೊತೆಗಿರುವ ಪ್ರೆಶರ್ ಟ್ಯಾಂಕಿನ ಗಾಳಿ ಇಳಿದಿದೆ ಎಂದು ಬಹುತೇಕ ಖಚಿತವಾಗಿ ಹೇಳಬಹುದು. ಪಂಪಿನ ವಿದ್ಯುತ್ ತೆಗೆದು, ಒಂದು ನಲ್ಲಿ ತೆರೆದು ಒತ್ತಡವನ್ನು ಪೂರ್ತಿ ಬಿಟ್ಟುಬಿಡಿ. ಟ್ಯಾಂಕಿನ ತುದಿಯ ಕ್ಯಾಪ್ ಬಿಚ್ಚಿದರೆ ಸ್ಕೂಟರ್ ಟೈರಿನಲ್ಲಿರುವಂಥ ವಾಲ್ವ್ ಕಾಣುತ್ತದೆ. ಅದರ ಪಿನ್ ಒತ್ತಿದಾಗ ಗಾಳಿಯ ಬದಲು ನೀರು ಬಂದರೆ ಒಳಗಿನ ರಬ್ಬರ್ ಚೀಲ ಹರಿದಿದೆ, ಚೀಲ ಅಥವಾ ಟ್ಯಾಂಕ್ ಬದಲಾಗಬೇಕು. ಗಾಳಿ ಬಂದರೆ ಟೈರ್ ಗೇಜಿನಿಂದ ಅಳೆದು, ಪಂಪು ಚಾಲೂ ಆಗುವ ಒತ್ತಡಕ್ಕಿಂತ 2 ಪಿ.ಎಸ್.ಐ. (ಟೈರ್ ಗೇಜಿನ ಮೇಲಿರುವ ಒತ್ತಡದ ಅಳತೆ) ಕಡಿಮೆ ಇರುವಂತೆ ಗಾಳಿ ತುಂಬಿಸಿ. ಪಂಪು 22 ಪಿ.ಎಸ್.ಐ.ಗೆ ಚಾಲೂ ಆಗುವುದಾದರೆ ಟ್ಯಾಂಕಿನ ಗಾಳಿ 20 ಇರಬೇಕು. ನೀರಿನ ಒತ್ತಡ ಇರುವಾಗಲೇ ಅಳೆದರೆ ಅಂಕಿ ತಪ್ಪು ತೋರಿಸುತ್ತದೆ.

ಸಿಕ್ಕಿಕೊಂಡ ಗಾಳಿ

ಟ್ಯಾಂಕು ಒಮ್ಮೆ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದ ಮೇಲೆ ನಲ್ಲಿಗಳು ಉಗುಳುತ್ತಾ ಬಡಿದುಕೊಳ್ಳುತ್ತವೆ. ಟ್ಯಾಂಕಿನ ಗೇಟ್‌ವಾಲ್ವ್ ಮುಚ್ಚಿ, ಮೇಲಿನಿಂದ ಕೆಳಗಿನವರೆಗೆ ನಲ್ಲಿಗಳನ್ನೆಲ್ಲ ತೆರೆದು ಲೈನ್ ಖಾಲಿ ಮಾಡಿ. ಆಮೇಲೆ ಗೇಟ್‌ವಾಲ್ವನ್ನು ಕಾಲುಭಾಗ ಮಾತ್ರ ತೆರೆದು, ನೀರು ಒಂದೇ ಸಮ ಧಾರೆಯಾಗಿ ಬರುವ ನಲ್ಲಿಗಳನ್ನು ಒಂದೊಂದಾಗಿ ಕೆಳಗಿನಿಂದ ಮೇಲಕ್ಕೆ ಮುಚ್ಚುತ್ತಾ ಬನ್ನಿ. ಎಲ್ಲ ಮುಗಿದ ಮೇಲೆ ಗೇಟ್‌ವಾಲ್ವ್ ಪೂರ್ತಿ ತೆರೆಯಿರಿ. ಪದೇ ಪದೇ ಗಾಳಿ ಸಿಕ್ಕಿಕೊಳ್ಳುತ್ತಿದ್ದರೆ ಟ್ಯಾಂಕಿನಿಂದ ಹೊರಡುವ ಪೈಪಿಗೆ ಏರ್ ಪೈಪ್ ಇದೆಯೇ, ಅದು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಹೋಗಿದೆಯೇ, ಅದರ ಬಾಯಲ್ಲಿ ಕಣಜ ಗೂಡು ಕಟ್ಟಿದೆಯೇ ಎಂದು ಮಾಳಿಗೆ ಹತ್ತಿ ನೋಡಿ.

ಬಿಸಿನೀರಿನ ಲೈನು

ಬಿಸಿನೀರು ಬಿಟ್ಟಾಗ ಮತ್ತು ಅದು ತಣಿಯುವಾಗ ಟಿಕ್ ಟಿಕ್ ಎನ್ನುವುದು ಪೈಪು ಹಿಗ್ಗಿ ಕುಗ್ಗುವ ಸದ್ದು. ಬಿಸಿನೀರಿಗೆ ಬಳಸುವ ಸಿ.ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ ಪೈಪು ಹತ್ತು ಮೀಟರ್ ಉದ್ದವಿದ್ದು 40 ಡಿಗ್ರಿ ಬಿಸಿಯೇರಿದರೆ ಸುಮಾರು 25 ಮಿಲಿಮೀಟರ್ ಉದ್ದವಾಗುತ್ತದೆ, ಅದೇ ಜಿ.ಐ. ಪೈಪು ಸುಮಾರು 5 ಮಿಲಿಮೀಟರ್. ಸೋಲಾರ್‌ನಿಂದ ಮಾಳಿಗೆಯ ಮೇಲೆ ಉದ್ದಕ್ಕೆ ಬರುವ ಪೈಪನ್ನು ಬಿಗಿಯಾಗಿ ಕಟ್ಟಿದರೆ ಅದು ಕ್ಲಾಂಪಿನಲ್ಲಿ ತಡೆದು ತಡೆದು ಜಾರುತ್ತಾ ಸದ್ದು ಮಾಡುತ್ತದೆ. ಕ್ಲಾಂಪುಗಳು ಮೂರು ಅಡಿಗೊಂದರಂತೆ ಇರಲಿ, ಆದರೆ ಪೈಪು ಉದ್ದಕ್ಕೆ ಜಾರುವಷ್ಟು ಸಡಿಲ ಕೊಡಿ. ಸ್ಲ್ಯಾಬು ತೂರಿ ಬರುವಲ್ಲಿ ಸಿಮೆಂಟ್ ನೇರವಾಗಿ ಪೈಪನ್ನು ಹಿಡಿಯದಂತೆ ದೊಡ್ಡ ಪೈಪಿನ ತುಂಡೊಂದನ್ನು ತೋಳಿನಂತೆ ಹಾಕಿಸಿ. ತಣ್ಣೀರಿನ ಪೈಪಿಗೆ ಬಿಗಿ ಹಿಡಿತ ಬೇಕು, ಬಿಸಿನೀರಿನದಕ್ಕೆ ಜಾರಲು ಜಾಗ ಬೇಕು. ಈ ವ್ಯತ್ಯಾಸವನ್ನು ಅನುಭವಿ ಕೆಲಸಗಾರರೂ ಮರೆಯುವುದನ್ನು ಕಂಡಿದ್ದೇನೆ.

ಗೀಸರಿನೊಳಗಿನಿಂದಲೇ ಗಡಗಡ ಸದ್ದು ಬಂದರೆ, ಬೋರ್‌ವೆಲ್ ನೀರಿನ ಸುಣ್ಣದಂಶ ಹೀಟರ್ ಕಾಯಿಲಿನ ಮೇಲೆ ಹಕ್ಕಳೆಗಟ್ಟಿದೆ ಎಂದರ್ಥ. ಹಕ್ಕಳೆಯ ಅಡಿಯಲ್ಲಿ ಸಿಕ್ಕ ನೀರು ಕುದಿದು ಆವಿಗುಳ್ಳೆಗಳಾಗಿ ಒಡೆಯುವ ಸದ್ದದು. ಸರ್ವಿಸ್ ಮಾಡಿಸಿ ಹಕ್ಕಳೆ ತೆಗೆಸಬೇಕು. ಆದರೆ ಗುಡುಗಿನ ಜೊತೆ ಬಿಸಿನೀರಿನ ನಲ್ಲಿಯಿಂದ ಹಬೆ ಬಂದರೆ ಬಿಸಿ ಮಿತಿಮೀರದಂತೆ ತಡೆಯುವ ಥರ್ಮೋಸ್ಟಾಟ್ ಕೆಟ್ಟಿರುವ ಸಂಭವವಿದೆ. ಕೂಡಲೇ ಎಂ.ಸಿ.ಬಿ. ಇಳಿಸಿ, ಬಚ್ಚಲಿನಿಂದ ಎಲ್ಲರನ್ನೂ ಹೊರಗೆ ಕಳಿಸಿ, ತಣಿಯುವವರೆಗೆ ಏನನ್ನೂ ಬಿಚ್ಚಬೇಡಿ. ಗೀಸರಿನ ಸೇಫ್ಟಿ ವಾಲ್ವಿನಿಂದ ಹನಿ ಬೀಳುತ್ತದೆಂದು ಅದಕ್ಕೆ ಪ್ಲಗ್ ಹಾಕಿಸಿರುವ ಮನೆಗಳಿವೆ. ನಿಮ್ಮ ಮನೆಯಲ್ಲಿ ಹಾಗಿದ್ದರೆ ಇಂದೇ ತೆಗೆಸಿ, ಏಕೆಂದರೆ ಒಳಗೆ ಒತ್ತಡ ಮಿತಿಮೀರಿದಾಗ ಹೊರಹೋಗಲು ಇರುವ ದಾರಿ ಅದು.

ನಲ್ಲಿಯೇ ಗುಂಯ್‌ಗುಟ್ಟಿದರೆ

ಒಂದು ನಿರ್ದಿಷ್ಟ ನಲ್ಲಿಯನ್ನು ಸ್ವಲ್ಪವೇ ತೆರೆದಾಗ ಪೈಪೆಲ್ಲ ಕಂಪಿಸಿದರೆ ಅದರ ವಾಷರ್ ಸವೆದು ಅದುರುತ್ತಿದೆ. ಕೆಲವೇ ರೂಪಾಯಿಯ ವಾಷರ್ ಬದಲಿಸಿದರೆ ಮುಗಿಯಿತು. ವಾಷರ್ ಹೊಸದಾಗಿದ್ದೂ ಸದ್ದು ನಿಲ್ಲದಿದ್ದರೆ ಟ್ಯಾಂಕಿನ ಗೇಟ್‌ವಾಲ್ವಿನೊಳಗಿನ ಬಿಲ್ಲೆ ಸಡಿಲವಾಗಿರಬಹುದು. ಅದರ ಜಾಗಕ್ಕೆ ಕಾಲು ಸುತ್ತಿಗೆ ಮುಚ್ಚುವ ಬಾಲ್‌ವಾಲ್ವ್ ಹಾಕಿಸಿ (ಇದು ಸಂಪಿನ ಚೆಂಡಿನ ವಾಲ್ವ್ ಅಲ್ಲ).

ಗೋಡೆಯನ್ನು ಒಡೆಯಲೇಬೇಕಾದಾಗ

ಮೇಲಿನ ಎಲ್ಲವನ್ನೂ ನೋಡಿಯೂ ಸದ್ದು ಉಳಿದರೆ, ಪೈಪಿಗಾಗಿ ಗೋಡೆಯಲ್ಲಿ ಕೊರೆದ ಸೀಳಿನೊಳಗೆ ಗಾರೆ ತುಂಬದೆ ಟೈಲ್ಸ್ ಅಂಟಿಸಿರುವುದರಿಂದ ಪೈಪು ಖಾಲಿ ಜಾಗದಲ್ಲಿ ಹೊಡೆದುಕೊಳ್ಳುತ್ತಿರಬಹುದು. ಟೈಲ್ಸನ್ನು ಬೆರಳ ಗಿಣ್ಣಿನಿಂದ ತಟ್ಟುತ್ತಾ ಹೋದರೆ ಟೊಳ್ಳು ಸದ್ದಿನ ಜಾಗ ಸಿಗುತ್ತದೆ. ಅಲ್ಲಿ ಒಂದು ಟೈಲ್ಸ್ ಮಾತ್ರ ತೆಗೆಸಿ ಪೈಪಿಗೆ ಕ್ಲಾಂಪ್ ಹಾಕಿಸಿ ಗಾರೆ ತುಂಬಿಸಿ. ಹಳೆಯ ಜಿ.ಐ. ಪೈಪಾದರೆ ಒಳಗೆ ತುಕ್ಕು ಕಟ್ಟಿ ದಾರಿ ಕಿರಿದಾಗಿ ನೀರಿನ ವೇಗ ಹೆಚ್ಚಿರುವ ಸಾಧ್ಯತೆಯೂ ಇದೆ. ಆಗ ಆ ಲೈನನ್ನೇ ಮುಕ್ಕಾಲು ಇಂಚಿನ ಪೈಪಿಗೆ ಬದಲಾಯಿಸುವುದು ಲೇಸು. ಅದೇ 12 ಲೀಟರ್ ನೀರು ಅಲ್ಲಿ ಹೆಚ್ಚು ಕಡಿಮೆ ಅರ್ಧ ವೇಗದಲ್ಲಿ ಹರಿಯುತ್ತದೆ.

ಯಾವ ದುರಸ್ತಿಯಾದರೂ ಮಾಡಿಸಿದ ರಾತ್ರಿ ಒಂದು ಕೆಲಸ ಬಾಕಿ ಇರುತ್ತದೆ. ಟ್ಯಾಂಕು ತುಂಬಿಸಿ, ಫ್ಲಶ್ ಟ್ಯಾಂಕುಗಳ ಆ್ಯಂಗಲ್ ವಾಲ್ವ್ ಸೇರಿದಂತೆ ಎಲ್ಲ ನಲ್ಲಿಗಳನ್ನು ಮುಚ್ಚಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿಡಿ. ಬೆಳಿಗ್ಗೆ ನೀರು ಆ ಗುರುತಿಗಿಂತ ಕೆಳಗಿಳಿದಿದ್ದರೆ, ಇಷ್ಟು ದಿನದ ಬಡಿತಕ್ಕೆ ಎಲ್ಲೋ ಒಂದು ಕೀಲು ಬಿಟ್ಟಿದೆ; ಗೋಡೆಗಳ ಬುಡದಲ್ಲಿ ತೇವ ಕಂಡ ಕಡೆಯಿಂದ ಹುಡುಕಲು ಆರಂಭಿಸಿ.